ಅಕ್ಕ ಕೂಡಿಸಿದ ಬಿಳಿ

ವರ್ಕ್‌ಶಾಪಿನ ಹಿಂದಿನ ಕೋಣೆ,
ಮಾರ್ಚ್ ಒಂಬತ್ತು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಡಾಕ್ಟರ್ ಕೊಟ್ಟ ಹನಿ ಮರೆಯದೆ ಹಾಕಿಕೊಳ್ಳುತ್ತಿದ್ದೀಯ ತಾನೆ? ನಾನು ಚೆನ್ನಾಗಿದ್ದೇನೆ. ಇವತ್ತಂತೂ ಬಹಳವೇ ಚೆನ್ನಾಗಿದ್ದೇನೆ, ಯಾಕೆಂದರೆ ನಿನ್ನೆ ನಿನ್ನ ಗಂಡನ ಮುಖಕ್ಕೆ ಮಸಿ ಬಳಿದು ಬಂದೆ. ಪಶ್ಚಾತ್ತಾಪವಿಲ್ಲ, ಇರುವಂತೆ ನಿನ್ನೆದುರು ನಟಿಸುವುದೂ ಇಲ್ಲ.

ಎರಡು ವರ್ಷದ ಹಿಂದೆ ಆ ಸಭಾಂಗಣದಲ್ಲಿ ನಮ್ಮ ಎಲ್‌ಇಡಿ ಪರದೆ ಬಣ್ಣಗೆಟ್ಟಾಗ ಭಾವ ಎಲ್ಲರೆದುರು ನಿನಗೆ "ನಿನ್ನ ಕಣ್ಣೇ ಸರಿಯಿಲ್ಲ ಕಣೇ" ಅಂದನಲ್ಲ, ಅವತ್ತು ಬೆಳಕು ತಗ್ಗಿಸುವ ಆತುರದಲ್ಲಿ ಕರೆಂಟನ್ನೇ ಇಳಿಸಿದ್ದು ಅವನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ನೀನು ಒಂದೇ ದಿನದಲ್ಲಿ ಕಲಿಸಿದ್ದೆ: ಕರೆಂಟ್ ಇಳಿಸಿದರೆ ಕೆಂಪು, ಹಸಿರು, ನೀಲಿ ಮೂರೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಅದನ್ನು ಮುಟ್ಟದೆ ದೀಪವನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸಿ, ಉರಿಯುವ ಹೊತ್ತನ್ನಷ್ಟೇ ಕಡಿಮೆ ಮಾಡಬೇಕು. ಬೆಳಕು ಮಂಕಾಗುತ್ತದೆ, ಬಣ್ಣ ಕದಲುವುದಿಲ್ಲ. ಜೋಡಿಸಿ ಪರದೆ ಕಟ್ಟಲು ಬಾಡಿಗೆಗೆ ಕೊಡುವ ನೂರಿಪ್ಪತ್ತು ಎಲ್‌ಇಡಿ ಹಲಗೆಗಳನ್ನೂ ಒಂದೊಂದಾಗಿ ಅಳೆದು, ಬಿಳಿ ಎಲ್ಲೆಡೆ ಒಂದೇ ಬಿಳಿಯಾಗುವಂತೆ ನೀನು ಬರೆದಿಟ್ಟ ಕೋಷ್ಟಕದಿಂದಲೇ, ನೀನು ಮಗುವಿನೊಂದಿಗೆ ಅವನ ಮನೆ ಬಿಟ್ಟ ಮೇಲೂ, ಅವನ ಹೊಟ್ಟೆ ತುಂಬುತ್ತಿದೆ.

ಅದೇ ಹಲಗೆಗಳು ನಿನ್ನೆ ನಾಟಕಶಾಲೆಗೆ ಹೋಗಿದ್ದವು. ಅಲ್ಲಿನ ಯಜಮಾನಿಯ ಮುಂದೆ ಭಾವನ ಜಂಬ ಕೇಳಬೇಕಿತ್ತು: "ಎಲ್ಲಾ ನನ್ನ ಕಣ್ಣಳತೆ ಮೇಡಂ." ಆಕೆ ಬೆಳಕು ತಗ್ಗಿಸಿ ಅಂದರು. ನಾನು ಅವನೆದುರೇ ಕಂಪ್ಯೂಟರಿನಿಂದ ನಿನ್ನ ಕೋಷ್ಟಕ ತೆಗೆದುಹಾಕಿ, ಎದ್ದು, ಕುರ್ಚಿ ಬಿಟ್ಟುಕೊಟ್ಟೆ. "ಕೂತ್ಕೊಳ್ಳಿ ಭಾವ, ನಿಮ್ಮ ಕಣ್ಣಳತೇಲೇ ಮಾಡಿ." ಅವನು ಮತ್ತೆ ಕರೆಂಟ್ ಇಳಿಸಿದ! ಪರದೆಯ ಮೇಲಿದ್ದ ನಟಿಯ ಕೆನ್ನೆ ಒಂದು ಕಡೆ ಗುಲಾಬಿ, ಒಂದು ಕಡೆ ಪಾಚಿ. "ಇವಳಿಗೇನ್ರೀ ರೋಗ?" ಎಂದರು ಯಜಮಾನಿ. ಭಾವ ಹಲ್ಲು ಕಚ್ಚಿಕೊಂಡು "ಸರಿ ಮಾಡೋ, ಮಾನ ಹೋಗ್ತಿದೆ" ಅಂದ. "ಸರಿ ಮಾಡೋ ಲೆಕ್ಕ ಅಕ್ಕಂದು. ಹಂಗಂತ ಇವ್ರಿಗೆ ಹೇಳಿ, ಹಾಕ್ತೀನಿ" ಅಂದೆ. ಕಡೆಗೆ ಗೊಣಗಿದ. "ಹಿಂದಿನ ಸಾಲಿಗೆ ಕೇಳ್ಸಿಲ್ಲ ಭಾವ" ಅಂದೆ. ಕೂಗಿ ಹೇಳಿದ, ಅಕ್ಕಾ! ಅಂದಿನ ತಪ್ಪೂ ತನ್ನದೇ ಅಂತ ಅದೇ ದನಿಯಲ್ಲಿ ಹೇಳಿಸಿದ ಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು. ಅಷ್ಟು ಸುಖವಾಗಿ ನಾನು ಯಾವತ್ತೂ ಕೂತಿಲ್ಲ.

ಮಗುವಿಗೆ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಬುಗುರಿ

ಮರೆತಿದ್ದೆ: ಲೆಕ್ಕ ನಿನ್ನದಾದರೆ ನಿನ್ನ ಒಪ್ಪಿಗೆಯ ಸಹಿ ತರಲೇಬೇಕು, ಇಲ್ಲದಿದ್ದರೆ ವರ್ಷದ ಗುತ್ತಿಗೆ ಇಲ್ಲ ಅಂದಿದ್ದಾರೆ ಯಜಮಾನಿ. ಭಾವ ಶುಕ್ರವಾರ ಕಾಗದ ಹಿಡಿದು ನಿನ್ನ ಬಾಗಿಲಿಗೆ ಬರುತ್ತಾನೆ. ಅಳುತ್ತಾನೆ. ನಿನ್ನೆ ಗೋದಾಮಿನಲ್ಲಿ ಒಬ್ಬನೇ ಅಳುತ್ತಿದ್ದುದನ್ನು ನೋಡಿದೆ, ಆ ಅಳು ನಿಜದ್ದೇ. ಅದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೂ ಸಹಿ ಹಾಕಬೇಡ.