ಗೇಟಿನ ಸೆಲ್ಲು

ಪ್ರೀತಿಯ ತಮ್ಮನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರುವಾಗ ಗೇಟಿನ ಸೆನ್ಸರಿಗೆ ಎರಡು ಲಿಥಿಯಂ ಸೆಲ್ ತೆಗೆದುಕೊಂಡು ಬಾ. ಇಲ್ಲಿನ ಅಂಗಡಿಯಲ್ಲಿ ಇರುವುದೆಲ್ಲ ಮಾಮೂಲಿ ಸೆಲ್ಲು.

ಎಲೆಕ್ಟ್ರಿಷಿಯನ್ ನಿನ್ನೆ ಬಂದಿದ್ದ. ಮರೆವಿನಲ್ಲಿ ಅಮ್ಮ ಗೇಟು ತೆಗೆದು ಹಿಮದಲ್ಲಿ ಹೊರಟಾಗ ಒಳಗಿನ ಬೆಲ್ ಯಾಕೆ ಹೊಡೆದುಕೊಳ್ಳಲಿಲ್ಲ ಅಂತ ಕೇಳಿದೆ. ಬಿಚ್ಚಿ ನೋಡಿ, "ಸೆಲ್ಲು ಕೆಟ್ಟಿಲ್ಲಕ್ಕಾ, ಚಳಿಗೆ ಮರಗಟ್ಟಿದೆ ಅಷ್ಟೆ. ಇಂಥ ಚಳಿಗೆ ಲಿಥಿಯಮ್ಮೇ ಆಗಬೇಕು" ಅಂದ. ನೀನು ತಂದಿದ್ದು ಒಳ್ಳೆಯ ಸೆಲ್ಲೇ. ಪೊಟ್ಟಣದ ಮೇಲೆ ಚಳಿಯ ಮಾತು ಎಲ್ಲೂ ಇಲ್ಲ, ನಾನೂ ಕನ್ನಡಕ ಹಾಕಿಕೊಂಡು ಹುಡುಕಿದೆ. ಅವನ್ನೇ ಟಿವಿ ರಿಮೋಟಿಗೆ ಹಾಕಿದ್ದೇನೆ. ಮನೆಯೊಳಗೆ ಬೆಚ್ಚಗಿರುವುದರಿಂದ ಚೆನ್ನಾಗಿಯೇ ನಡೆಯುತ್ತಿವೆ. ಮುಖ ಹೇಗೆ ತೋರಿಸಲಿ ಅಂತ ಅಲ್ಲೇ ಕೂತಿರಬೇಡ.

ಆಸ್ಪತ್ರೆಯವರು ಅಮ್ಮನ ಚಪ್ಪಲಿ ವಾಪಸ್ ಕೊಟ್ಟರು. ಒಣಗಿಸಿ ಬಾಗಿಲ ಹತ್ತಿರ ಅದರ ಜಾಗದಲ್ಲೇ ಇಟ್ಟಿದ್ದೇನೆ. ನನಗಿನ್ನೂ ಅಳು ಬಂದಿಲ್ಲ. ಅಡುಗೆ ಮಾಡುತ್ತೇನೆ, ಪಾತ್ರೆ ತೊಳೆಯುತ್ತೇನೆ, ಕೆಲಸವೇನೂ ನಿಂತಿಲ್ಲ.

ಅಮ್ಮನೇ ಇಲ್ಲದ ಮೇಲೆ ಸೆನ್ಸರ್ ಯಾಕೆ ಅಂತ ನೀನು ಕೇಳಬಹುದು. ಅಪ್ಪನಿಗೆ ಮರೆವೇನೂ ಇಲ್ಲ. ಹಾಲಿನ ಲೆಕ್ಕ, ನಿನ್ನ ಫೋನ್ ನಂಬರು, ಅಮ್ಮನನ್ನು ಮಣ್ಣು ಮಾಡಿದ್ದು, ಎಲ್ಲ ಸರಿಯಾಗಿ ಹೇಳುತ್ತಾರೆ. ಆದರೂ ಬೆಳಗಾಗುವ ಮುಂಚೆಯೇ ಎದ್ದು ಗೇಟು ತೆಗೆದುಕೊಂಡು ಹೋಗುತ್ತಿದ್ದಾರೆ. ಇವತ್ತು ರಸ್ತೆಯ ತಿರುವಿನಲ್ಲಿ ಸಿಕ್ಕಿದರು. "ಎಲ್ಲಿಗಪ್ಪಾ ಈ ಚಳಿಯಲ್ಲಿ?" ಅಂದೆ. ಕೈಯಲ್ಲಿದ್ದ ಅಮ್ಮನ ಶಾಲು ತೋರಿಸಿ, "ಇದನ್ನ ಬಿಟ್ಟು ಹೋಗಿದ್ದಾಳೆ ಕಣಮ್ಮ" ಅಂದರು.

ಬೇಗ ಬಾ.

ನಿನ್ನ ಅಕ್ಕ