ಬೆಳ್ಳಿ ಪದಕ ಬಂದ ಮೇಲೆ

ಜನವರಿ 24, 1997

ಸುರಪುರ–ಯಾದಗಿರಿ ಟ್ರಿಪ್. ಕಾಲುವೆಗೆ ನೀರು ಬಿಟ್ಟಿದ್ದಾರೆ. ಭತ್ತದ ನಾಟಿ ಜೋರು, ಬಸ್ ತುಂಬ ಕೆಸರುಗಾಲು. ಶಹಾಪುರ ಡಿಪೋದಲ್ಲಿ ಸಾಹೇಬರು ಕರೆದರು. ಇಷ್ಟು ವರ್ಷ ಡ್ರೈವರಾಗಿ ಒಂದೂ ಆಕ್ಸಿಡೆಂಟ್ ಮಾಡದ್ದಕ್ಕೆ ನನಗೆ ಬೆಳ್ಳಿ ಪದಕವಂತೆ. ಮಾಡದೇ ಇದ್ದದ್ದಕ್ಕೂ ಇನಾಮು. ನಗು ಬಂತು.

ಜನವರಿ 26

ಝಂಡಾ, ಹಾರ, ಪದಕ, ಬೂಂದಿ. ಹೆಂಡತಿ ಅಯ್ಯಮ್ಮ ಪದಕವನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ನಾನೂ ಎದೆ ಉಬ್ಬಿಸಿ ಓಡಾಡಿದೆ. ಸುಳ್ಳೇಕೆ ಹೇಳಲಿ.

ಜನವರಿ 29, ಮಧ್ಯಾಹ್ನ

ಶಹಾಪುರ ದಾಟಿ ಕನ್ನಡಿ ನೋಡಿದೆ. ಬಸ್ಸಿಗೆ ಬಸ್ಸೇ ನಿದ್ದೆ. ಕುರಿ ಕಾಯುವ ಮುದುಕ ಬಾಯಿ ತೆರೆದು... ಮಡಿಲಲ್ಲಿ ಕೂಸಿಟ್ಟುಕೊಂಡ ತಾಯಿ... ನಮ್ಮ ಕಂಡಕ್ಟರ್ ಭಾಗಣ್ಣನೂ. ದಿನಾ ಕಾಣುವುದೇ. ಇವತ್ತು ಮೈ ಜುಮ್ಮೆಂದಿತು. ಗುಡಿಗೆ ಹೋದವರೂ ಹೊರಗೆ ಬಿಟ್ಟ ಚಪ್ಪಲಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಇವರು ಯಾವನೋ ಅಂಬ್ರಪ್ಪನ ಕೈಗೆ ಜೀವ ಕೊಟ್ಟು ಎರಡೂ ಕಣ್ಣು ಮುಚ್ಚಿದ್ದಾರೆ. ನನ್ನ ಹೆಸರು ಕೂಡ ಗೊತ್ತಿಲ್ಲ.

ಭೀಮಾ ಸೇತುವೆಯ ಮೇಲೆ ಎತ್ತಿನ ಬಂಡಿಯ ಹಾಗೆ ಹೋದೆ.

ಫೆಬ್ರುವರಿ 8

ಜ್ವರ ಎಂದು ಸುಳ್ಳು ಹೇಳಿ ಹಾಕಿದ ರಜೆ ಮುಗಿಯಿತು. ದೃಷ್ಟಿಯಾಗಿದೆ ಎಂದು ಅಯ್ಯಮ್ಮ ಮೆಣಸಿನಕಾಯಿ ನಿವಾಳಿಸಿದಳು. ದೃಷ್ಟಿಯಲ್ಲ, ಭಯ. ಸ್ಟೇರಿಂಗ್ ಬೇಡ, ಡಿಪೋ ಒಳಗೇ ಏನಾದರೂ ಕೆಲಸ ಕೊಡಿ ಎಂದು ಸಾಹೇಬರನ್ನು ಕೇಳಬೇಕು. ನಗುತ್ತಾರೆ. ನಗಲಿ.

ಫೆಬ್ರುವರಿ 10, ಸಂಜೆ

ಇದೇ ಕಡೆಯ ಟ್ರಿಪ್, ನಾಳೆ ಕೇಳಿಬಿಡುವುದು ಎಂದುಕೊಂಡೇ ಶಹಾಪುರ ಸ್ಟ್ಯಾಂಡಿಗೆ ಬಂದೆ. ಬಳೆ ಮಾರುವ ಖಾಜಾಬೀ ನಿಂತಿದ್ದಳು, ಪಕ್ಕದಲ್ಲಿ ದಿನ ತುಂಬಿದ ಮಗಳು ಹಜರಾಬೀ. ಯಾದಗಿರಿ ದವಾಖಾನೆಗೆ ಹೋಗಬೇಕಂತೆ. ಮುಂಚೆ ಹೋದ ಬಸ್ಸಿಗೆ ಯಾಕೆ ಹತ್ತಲಿಲ್ಲ ಎಂದು ಕೇಳಿದೆ.

"ಮೆಡಲ್ ಬಂದಾವ್ರು ನೀವೇ ಅಂತಲ್ರಿ. ನಿಮ್ಮ ಗಾಡಿ ಬರ್ಲಿ ಅಂತ ಕುಂತಿದ್ವಿ."

ತಡೆಯಲಾಗಲಿಲ್ಲ. "ನನಗ ಗಾಡಿ ಹೊಡಿಲಾಕ ಅಂಜಿಕಿ ಬರಾಕತ್ತೈತಿ, ಖಾಜಾಬೀ," ಎಂದೆ. ಯಾರಿಗೂ ಹೇಳಿರಲಿಲ್ಲ, ಅಯ್ಯಮ್ಮನಿಗೂ.

"ಅಂಜಾವ್ರೇ ಬೇಕ್ರಿ ನಮಗ. ಅಂಜಲಾರ್ದವ್ರವು ಆಗ್ಲೇ ಎರಡು ಗಾಡಿ ಬಿಟ್ಟೀನಿ," ಎಂದು ಮಗಳ ಕೈಹಿಡಿದು ಹತ್ತಿಸಿದಳು.

ಯಾದಗಿರಿ ಮುಟ್ಟಿಸಿದೆ.

ಫೆಬ್ರುವರಿ 15, ಬೆಳಿಗ್ಗೆ, ಯಾದಗಿರಿ ಸ್ಟ್ಯಾಂಡ್

ಸಾಹೇಬರನ್ನು ಕೇಳಲಿಲ್ಲ. ಭಯ ಹೋಗಿಲ್ಲ, ಇರಲಿ. ಹಜರಾಬೀಗೆ ಹೆಣ್ಣು ಕೂಸು. ಈಗಷ್ಟೇ ನನ್ನ ಬಸ್ಸಿಗೇ ಹತ್ತಿದರು. ಮುಷ್ಟಿಯಷ್ಟು ಮುಖ. ಹುಟ್ಟಿದ ಮೇಲೆ ಅದರ ಮೊದಲ ಪ್ರಯಾಣ, ಅದೂ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ. ಅಬ್ಬಾ, ಎಂಥ ಕೆಲಸವಪ್ಪಾ ಇದು... ಭಾಗಣ್ಣ ಸೀಟಿ ಹೊಡೆದ. ಹೊರಡ—