ಸ್ಪೀಕರಿನ ಮೇಲಿನ ಪ್ಲಾಸ್ಟರ್

ಮಾರ್ಚ್ ೧೪, ಮಂಗಳವಾರ

ಆ ಬಿಳಿ ಪ್ಲಾಸ್ಟರ್ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಮ್ಮನಿಗೆ ಔಷಧಿ ಹನಿಸುವ ಯಂತ್ರದ ಸ್ಪೀಕರಿಗೆ ನರ್ಸ್ ಅಂಟಿಸಿದ್ದು. ಆ ಯಂತ್ರದ ಸಾಫ್ಟ್‌ವೇರ್ ಬರೆದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕಿತ್ತುಬಿಡಿ ಎಂದೆ, ಅಷ್ಟೆ.

"ಕೈ ಅಲುಗಿದ್ರೂ ಕೂಗುತ್ತೆ ಸಾರ್, ಬ್ಯಾಟರಿ ಇಳಿದ್ರೂ ಅದೇ ಕೂಗು. ಹನ್ನೆರಡು ಬೆಡ್ಡು, ನಾನೊಬ್ಬಳು. ಯಾವುದಕ್ಕೆ ಅಂತ ಓಡ್ಲಿ?"

"ಎಲ್ಲದಕ್ಕೂ ಕೂಗ್ಲಿ, ನಾಳೆ ನಮ್ಮ ತಲೆಗೆ ಬರ್ಬಾರ್ದು" ಎಂದು ಮೀಟಿಂಗಿನಲ್ಲಿ ಹಟ ಹಿಡಿದವನೂ ನಾನೇ. ಒಂದು ದಿನವಾದರೂ ವಾರ್ಡಿನಲ್ಲಿ ನಿಂತು ನೋಡಿರಲಿಲ್ಲ.

ಅಮ್ಮ ಅವಳ ಪರ. "ಪುಣ್ಯಾತ್ಗಿತ್ತಿ, ಅದರ ಬಾಯಿ ಮುಚ್ಚಿಸಿದ್ಲು. ನೀನು ಹೋಗಪ್ಪ, ಇವತ್ತಾದ್ರೂ ನಿದ್ದೆ ಮಾಡ್ತೀನಿ."

ಪ್ಲಾಸ್ಟರ್ ಹಾಗೇ ಬಿಟ್ಟು ಮನೆಗೆ ಬಂದೆ. ಫೋನ್ ಪಕ್ಕದಲ್ಲೇ ಇದೆ. ಎಲ್ಲ ಸರಿಯಿದ್ದರೆ ಅಲ್ಲಿ ಈಗ ನಿಶ್ಶಬ್ದ. ಹನಿ ನಿಂತುಹೋಗಿದ್ದರೂ ಅದೇ ನಿಶ್ಶಬ್ದ.